ನೋಡೋಕೆ ಹಳೇದು, ಓಡೋಕೆ ಹೊಸದು

ಕೊಯಮತ್ತೂರಿನ ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಭೌತಶಾಸ್ತ್ರ ಕಲಿಸಿದವನು ನಾನು. ಐವತ್ತಾರನೇ ವಯಸ್ಸಿನಲ್ಲಿ ಆಸೆಪಟ್ಟು ಒಂದು ಕಾರು ಕೊಂಡೆ. ಅಂದಿನಿಂದ ವಾರಕ್ಕೊಂದು ಅವಮಾನ ತಪ್ಪಿಲ್ಲ. ಯಾವುದಾದರೂ ವಾರ ತಪ್ಪಿತೆಂದರೆ ಕಾರು ಸರ್ವಿಸ್‌ಗೆ ಹೋಗಿದೆ ಎಂದೇ ಅರ್ಥ.

೧. ಅಮ್ಮನ ಸಮಾಧಾನ

ಕಾರು ಚಿಕ್ಕದು. ದುಂಡು ದೀಪ, ದುಂಡು ಬೆನ್ನು, ಎರಡೇ ಬಾಗಿಲು. ರೂಪ ಅರವತ್ತು ವರ್ಷ ಹಿಂದಿನದು, ಇಂಜಿನ್ ಮಾತ್ರ ಇವತ್ತಿನದು. ಆಕ್ಸಿಲರೇಟರ್ ಮೇಲೆ ಕಾಲಿಟ್ಟರೆ ಚಿಮ್ಮುತ್ತದೆ. ಇದನ್ನೆಲ್ಲ ಮೊದಲ ದಿನವೇ ಅಮ್ಮನಿಗೆ ಬಿಡಿಸಿ ಹೇಳಿದೆ. ಎಂಬತ್ತೆರಡರ ಅಮ್ಮ ಕಾರಿಗೆ ಒಂದು ಸುತ್ತು ಬಂದು, ಬಾನೆಟ್ ಸವರಿ, ನನ್ನ ಬೆನ್ನು ತಟ್ಟಿದಳು. ಈ ಊರಲ್ಲಿದ್ದೂ ಇದ್ದೂ ಅವಳ ಮಾತಿಗೆ ತಮಿಳು ಬೆರೆತಿದೆ, ಮುದ್ದಿಗೆ ನಾನು ಇಂದಿಗೂ ಅವಳ 'ಕಣ್ಣು'.

"ಪರವಾಯಿಲ್ಲ ಬಿಡು ಕಣ್ಣು. ಕೈಯಲ್ಲಿ ನಾಲ್ಕು ಕಾಸು ಆದಮೇಲೆ ಹೊಸ ವಂಡಿ ತಗೊಂಡ್ರಾಯ್ತು."

೨. ಸೂಲೂರಿನ ಹಂಪು

ತಿರುವಿನಲ್ಲಿ ವಾಲಬಾರದೆಂದು ಈ ಕಾರಿನ ಹೊಟ್ಟೆಯನ್ನು ನೆಲಕ್ಕೆ ಹತ್ತಿರ ಇಟ್ಟಿದ್ದಾರೆ. ಇಟ್ಟವರು ಸೂಲೂರಿನ ಕಡೆ ಬಂದವರಲ್ಲ. ಅಲ್ಲಿ ಗೃಹಪ್ರವೇಶಕ್ಕೆ ಹೊರಟಿದ್ದೆವು. ಹಿಂದೆ ಭಾವಮೈದ, ಅವನ ಹೆಂಡತಿ. ತುಂಬಿದ ಕಾರಿನ ಹೊಟ್ಟೆ ರಸ್ತೆಯ ಹಂಪಿಗೆ ತಗುಲುತ್ತಿತ್ತು. ಹಾಗಾಗಿ ಹಂಪು ಬಂದಾಗಲೆಲ್ಲ ನನ್ನ ಹೆಂಡತಿ ಇಳಿದು ಸೀಟು ಮಡಿಚಬೇಕು, ಹಿಂದಿನವರಿಬ್ಬರು ಬಗ್ಗಿಕೊಂಡು ಹೊರಬರಬೇಕು, ನಾನು ಖಾಲಿ ಕಾರು ದಾಟಿಸಬೇಕು, ಮತ್ತೆ ಎಲ್ಲರೂ ಹತ್ತಬೇಕು.

ಮೂರನೇ ಹಂಪಿನ ಪಕ್ಕ ಟೀ ಅಂಗಡಿ. ಅಲ್ಲಿದ್ದ ನಾಲ್ವರು ಇದನ್ನು ನೋಡಿ, ಕಾರು ಕೆಟ್ಟಿದೆಯೆಂದುಕೊಂಡು, ಲೋಟ ಕೆಳಗಿಟ್ಟು ಬಂದು ತಳ್ಳತೊಡಗಿದರು. ಇಂಜಿನ್ ಓಡುತ್ತಿದೆ ಎಂದು ನಾನು ತಮಿಳಿನಲ್ಲಿ ಕೂಗಿದೆ. ಕೇಳಲಿಲ್ಲವೋ, ನಂಬಲಿಲ್ಲವೋ, ಅಂತೂ ಮಿಲ್ಲಿನ ಗೇಟಿನವರೆಗೆ ತಳ್ಳಿದರು. ಹಿಂದೆ ನಡೆದು ಬಂದ ಹೆಂಡತಿ ಕಿಟಕಿಗೆ ಬಗ್ಗಿದಳು.

"ರೀ, ಊಟದ ಮನೆವರೆಗೂ ತಳ್ತಾರಾ ಅಂತ ಕೇಳಿ."

೩. ಗುರುತ್ವ ಕೇಂದ್ರ

ಘಾಟಿಯಲ್ಲಾದರೂ ಮರ್ಯಾದೆ ಉಳಿದೀತೆಂದು ಮೆಟ್ಟುಪಾಳ್ಯಂನಿಂದ ಕೂನೂರಿಗೆ ಹತ್ತಿಸಿದೆ. ಸುಳ್ಳು ಹೇಳಬಾರದು, ತಿರುವಿನಲ್ಲಿ ಅದಕ್ಕೆ ಸಮ ಇಲ್ಲ. ಸ್ಟೀರಿಂಗ್ ಬೆರಳ ತುದಿಗೆ ತಿರುಗುತ್ತದೆ, ಚಕ್ರ ನೆಲ ಬಿಡುವುದಿಲ್ಲ. ಗುರುತ್ವ ಕೇಂದ್ರ ಕೆಳಗಿದ್ದರೆ ಕಾರು ವಾಲುವುದಿಲ್ಲ ಎಂದು ಹೆಂಡತಿಗೆ ಪಾಠ ಮಾಡುತ್ತಾ ಹೋದೆ. ಐದು ತಿರುವು ಅವಳು ತುಟಿ ಬಿಚ್ಚಲಿಲ್ಲ. ಮೆಚ್ಚಿದ್ದಾಳೆ ಎಂದುಕೊಂಡೆ. ಆರನೆಯದರಲ್ಲಿ ನಿಲ್ಲಿಸಲು ಕೈಸನ್ನೆ ಮಾಡಿ, ಇಳಿದು, ಬೆಳಗಿನ ಇಡ್ಲಿಯನ್ನೆಲ್ಲ ರಸ್ತೆಯಂಚಿಗೆ ಒಪ್ಪಿಸಿದಳು.

"ಕಾರಿನ ಗುರುತ್ವ ಕೇಂದ್ರ ಕೆಳಗಿರಬಹುದು ರೀ," ಅಂದಳು ಬಾಯಿ ಒರೆಸಿಕೊಂಡು. "ನಂದು ಗಂಟಲಿಗೆ ಬಂದಿದೆ."

ಇಳಿಯುವಾಗ ಅವಳು ಬೆಟ್ಟದ ರೈಲು ಹತ್ತಿದಳು. ನಾನೊಬ್ಬನೇ ಅಷ್ಟೂ ತಿರುವನ್ನು ಅದ್ಭುತವಾಗಿ ಇಳಿಸಿದೆ. ನೋಡಿದ್ದು ಕೋತಿಗಳು.

೪. ಮೊಣಕಾಲು ಡಾಕ್ಟರು

ಇದು ಮಾತ್ರ ಮನಸ್ಸಿಗೆ ನಾಟಿತು. ಅಮ್ಮನನ್ನು ಮೊಣಕಾಲು ಡಾಕ್ಟರ ಹತ್ತಿರ ಕರೆದೊಯ್ದೆ. ಸೀಟು ತಗ್ಗು, ಕೂತವಳಿಗೆ ಏಳಲಾಗಲಿಲ್ಲ. ಇಬ್ಬರು ನರ್ಸುಗಳು, ವಾಚ್‌ಮನ್ ಸೇರಿ ಹೊರಗೆಳೆದರು. ಅಮ್ಮ ಮೊಣಕಾಲು ಹಿಡಿದುಕೊಂಡೇ ಒಳಗೆ ಹೋದಳು. ಮುಂದಿನ ಸಲ ತಾನಾಗಿಯೇ ಆಟೋ ಹತ್ತಿ, ನೀನು ಹಿಂದೆ ಬಾ ಅಂದಳು. ಆಟೋ ಹಂಪು, ಗುಂಡಿ ಎಲ್ಲ ಹಾರಿಕೊಂಡು ಹೋಯಿತು. ನಾನು ಒಂದೊಂದನ್ನೇ ಅಳೆದು ದಾಟಿ ತಲುಪುವಷ್ಟರಲ್ಲಿ ಅಮ್ಮ ತೋರಿಸಿಕೊಂಡು, ಔಷಧಿ ಅಂಗಡಿಯಲ್ಲಿ ಮಾತ್ರೆಯನ್ನೂ ವಾಂಗಿಕೊಂಡು, ಬೆಂಚಿನ ಮೇಲೆ ಕೂತಿದ್ದಳು. ಸೂಲೂರಿನ ಕಥೆ ನನ್ನ ಹೆಂಡತಿಯಿಂದ ಅವಳಿಗೆ ಮುಟ್ಟಿತ್ತು.

"ಏನು ಕಣ್ಣು, ಇವತ್ತು ಯಾರೂ ತಳ್ಳಲಿಲ್ವಾ?"

೫. ತಿರುಪ್ಪೂರಿನ ಗಿರಾಕಿ

ಮಾರಿಬಿಡಲು ಅಲ್ಲೇ ತೀರ್ಮಾನಿಸಿದೆ. ಎರಡು ತಿಂಗಳು ಒಬ್ಬನೂ ಕೇಳಲಿಲ್ಲ. ಕೊನೆಗೆ ತಿರುಪ್ಪೂರಿನಿಂದ ಒಬ್ಬರ ಫೋನ್ ಬಂತು. ಅಲ್ಲಿಗೇ ಹೋಗಿ, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವಿನಾಶಿ ರಸ್ತೆಯಲ್ಲಿ ಓಡಿಸಿದೆ. ಎಳೆತ, ಬ್ರೇಕು, ತಿರುವು ಎಲ್ಲ ತೋರಿಸಿದೆ. ಅವರು ತಲೆದೂಗಿದರು. ಇಳಿದ ಮೇಲೆ ಕಾರಿನ ಸುತ್ತ ಬಂದು, ದುಂಡು ದೀಪ ಮುಟ್ಟಿ, ಇಂಥದ್ದಕ್ಕೇ ವರ್ಷದಿಂದ ಹುಡುಕುತ್ತಿದ್ದೆ ಅಂದರು. ಕಾರಿನ ಬೆಲೆ ತಿಳಿದ ಒಬ್ಬ ಮನುಷ್ಯ ಕೊನೆಗೂ ಸಿಕ್ಕಿದ್ದ.

ತಮ್ಮದು ಫೋಟೋ ಸ್ಟುಡಿಯೋ ಎಂದೂ, ಮದುವೆ ಹುಡುಗ ಹುಡುಗಿಯರು ಇದಕ್ಕೆ ಒರಗಿ ನಿಂತರೆ ಚೆನ್ನಾಗಿರುತ್ತದೆಂದೂ ಹೇಳಿ ಅವರು ನನ್ನ ಕೈ ಹಿಡಿದುಕೊಂಡರು.

"ಇಂಜಿನ್ ಬಹಳ ಚೆನ್ನಾಗಿದೆ ಸಾರ್. ಅದನ್ನ ಬಿಚ್ಚಿ ನೀವೇ ಇಟ್ಟುಕೊಳ್ಳಿ. ನನಗೆ ಮೇಲಿನದು ಸಾಕು."