ಕಟಕ್ ಅನ್ನೂ ಪಾನಾ

ಮಂದಿ ಮನ್ಯಾಗ ಗಾಡಿ ಕೆಟ್ರ ರಿಪೇರಿ ಮಾಡ್ತಾರ. ನಮ್ಮ ಮನ್ಯಾಗ ನಾ ರಿಪೇರಿ ಮಾಡಿದ ಮ್ಯಾಲ ಗಾಡಿ ಕೆಡತೈತಿ. ಹಿಂಗ್ಯಾಕ ಆಗತೈತಿ ಅಂತ ಚಿಕ್ಕೋಡಿಯ ನಮ್ಮ ಓಣ್ಯಾಗ ಎಲ್ಲಾರಿಗೂ ಗೊತ್ತೈತಿ, ನನಗೊಬ್ಬನಿಗೆ ಬಿಟ್ಟು. ನಾ ಹೈಸ್ಕೂಲ ಮಾಸ್ತರ. ಅದೂ ವಿಜ್ಞಾನದ ಮಾಸ್ತರ. ಬಲ ಅಂದ್ರೇನು, ಎಲ್ಲಿ ಎಷ್ಟ ಹಚ್ಚಬೇಕು ಅಂತ ಹುಡುಗೂರಿಗೆ ಹೇಳಿ ಹೇಳಿ ಗಂಟಲ ಹರಕೊಂಡೀನಿ. ಖರೇ ಕೈಯಾಗ ನಟ್ಟ-ಬೋಲ್ಟ್ ಬಿಗಿಯೂ ಪಾನಾ ಬಂತಂದ್ರ ಆ ಪಾಠ ಎಲ್ಲಿ ಓಡಿ ಹೋಗತೈತೋ ಏನೋ.

೧. ಕಾಲಿಟ್ಟು ಬಿಗಿದದ್ದು

ಮೊಬೈಲಿನ್ಯಾಗ ಒಂದು ವಿಡಿಯೋ ನೋಡಿ, ನನ್ನ ಮೋಟರಸೈಕಲ್ಲಿನ ಆಯಿಲ್ ನಾನ ಬದಲಿ ಮಾಡ್ತೀನಿ ಅಂತ ಕುಂತೆ. ಹಳೇ ಆಯಿಲ್ ತಗದೆ, ಹೊಸಾದು ಹಾಕಿದೆ. ಎಂಜಿನ್ ಕೆಳಗ ಆಯಿಲ್ ಬಿಡೂ ಬೋಲ್ಟ್ ಇರತೈತಲ್ರಿ, ಅದು ಸೋರಬಾರದಂತ ಪಾನಾದ ಮ್ಯಾಲ ಕಾಲಿಟ್ಟು ತುಳದೆ. ನಮ್ಮ ಕಡೆ ಟ್ರೇಲರಿನ ಗಾಲಿ ನಟ್ಟ ಎಲ್ಲಾರೂ ಹಂಗ ಬಿಗೀತಾರ. ಬೋಲ್ಟ್ ಮೊದಲ ಬಿಗಿ ಆತು, ಆಮ್ಯಾಲ ಒಮ್ಮಿಗೇ ಮೆತ್ತಗಾತು. ಮೆತ್ತಗಾದದ್ದು ಒಳಗಿನ ಆಟಿ, ಅಂದ್ರ ತಿರುಪಿನ ಗೆರಿ, ಹರದದ್ದಕ್ಕ ಅಂತ ಆವಾಗ ತಿಳೀಲಿಲ್ಲ. ‘ಈಗ ಸರಿ ಕುಂತು ನೋಡ’ ಅಂತ ನನ್ನ ಬೆನ್ನ ನಾನ ಚಪ್ಪರಿಸಿಕೊಂಡೆ.

ಮರುದಿನ ಹೆಂಡತಿ ತವರುಮನಿ ಪಾಲಬಾವ್ಯಾಗ ಆಕಿ ಅಣ್ಣನ ಕೂಸಿನ ತೊಟ್ಟಿಲ ಕಾರ್ಯಕ್ರಮ. ಆಕಿ ಹೊಸಾ ಇಲಕಲ್ ಸೀರಿ ಉಟ್ಟು ಹಿಂದ ಕುಂತ್ಲು. ರಾಯಬಾಗ ಇನ್ನೂ ದೂರ ಐತಿ ಅನ್ನೂದ್ರಾಗ ಬೋಲ್ಟ್ ಎಲ್ಲೋ ಹಾರಿ ಹೋತು. ಆಯಿಲ್ ಎಲ್ಲಾ ರಸ್ತಾಕ್ಕ ಅರ್ಧ, ಸೀರಿ ಅಂಚಿಗೆ ಅರ್ಧ.

“ಹೊಸಾ ಆಯಿಲ್ ಐತಿ, ಕಲಿ ಉಳಿಯೂದುಲ್ಲ,” ಅಂತ ಸಮಾಧಾನ ಹೇಳಿದೆ.

ಆಕಿ ನನ್ನ ಒಂದು ನಮೂನಿ ನೋಡಿ, ಟಂಟಂ ರಿಕ್ಷಾ ಹತ್ತಿ ಹೋದ್ಲು. ತವರಿನ ಅಂಗಳದಾಗ, ಮಾವನವರ ಮುಂದ, ಎಲ್ಲಾರೂ ಕೇಳೂ ಹಂಗ ಅಂದ್ಲು: “ಇವರು ಕೈ ಹಚ್ಚಿದ ಗಾಡಿ ಮ್ಯಾಲ ಇನ್ನ ನಾ ಕುಂದ್ರೂದುಲ್ಲ.”

ಅಂದಂಗ ನಡದ್ಲು. ಮೆಕ್ಯಾನಿಕ್ ಹೊಸಾ ಆಟಿ ಕೊರದು ಬ್ಯಾರೆ ಬೋಲ್ಟ್ ಹಾಕಿ ಕೊಟ್ರೂ ಹತ್ತಲಿಲ್ಲ. ಎಲ್ಲಿಗೆ ಹೋದ್ರೂ ಆಕಿ ಬಸ್ಸಿನ್ಯಾಗ, ನಾ ಬಸ್ಸಿನ ಹಿಂದ ಗಾಡಿ ಮ್ಯಾಲ ಒಬ್ಬನ. ಆಕಿನ್ನ ಮತ್ತ ಹಿಂದಿನ ಸೀಟಿಗೆ ಕುಂದ್ರಸಬೇಕು, ಅದೂ ನನ್ನ ಕೈಯಾರೆ ಮಾಡಿದ ಗಾಡಿ ಮ್ಯಾಲನ, ಅಂತ ಹಟ ಹಿಡದೆ. ಒಮ್ಮೆ ಸ್ಟ್ಯಾಂಡಿನ್ಯಾಗ ಕಂಡಕ್ಟರ್ ಕರದು ಅಂದಾ, “ಸರ, ದಿನಾ ಬಸ್ಸಿನ ಬೆನ್ನ ಹತ್ತತೀರಿ. ಒಳಗ ಕುಂತಾರಲ್ಲ, ಆ ಅಕ್ಕಾರು ಪೊಲೀಸರಿಗೆ ಹೇಳಿದ್ರ ಏನ್ ಮಾಡ್ತೀರಿ?”

೨. ಉದ್ದ ಇದ್ರ ಮರ್ಯಾದಿ

ಬೋಲ್ಟ್ ಎಷ್ಟ ಬಿಗೀಬೇಕೋ ಅಷ್ಟಕ್ಕ ‘ಕಟಕ್’ ಅಂದು ಸಾಕು ಅಂತ ಹೇಳೂ ಪಾನಾ ಇರತೈತಂತ. ಹೆಸರು ಟಾರ್ಕ್ ರೆಂಚ್. ಇದು ನನ್ನಂಥವರ ಸಲುವಾಗೇ ಮಾಡ್ಯಾರ ಅಂತ ನಿಪ್ಪಾಣಿಗೆ ಹೋದೆ.

“ಕಾಯ ಪಾಯಿಜೆ ಸರ?” ಏನ್ ಬೇಕಂತ ಮರಾಠ್ಯಾಗ ಕೇಳಿದ ಅಂಗಡಿಯವ. ಹೇಳಿದೆ. ಎರಡು ತಂದಿಟ್ಟ. ಒಂದು ಮೊಳಕೈ ಅಷ್ಟ ಸಣ್ಣದು. ಇನ್ನೊಂದು ಗದಾ ಇದ್ದಂಗ.

“ಮೋಟರಸೈಕಲ್ಲಿಗೆ ಸಣ್ಣದ ಬೇಕ್ರಿ. ದೊಡ್ಡದು ಟ್ರ್ಯಾಕ್ಟರಿಗೆ, ಲಾರಿಗೆ.”

ನಮ್ಮ ಕಡೆ ಕಬ್ಬ ಆಗ್ಲಿ, ಮೀಸಿ ಆಗ್ಲಿ, ಉದ್ದ ಇದ್ರನ ಮರ್ಯಾದಿ. ದೊಡ್ಡದ ತಗೊಂಡೆ. ಚೀಲದಾಗ ಹಾಕ್ಲಿಲ್ಲ, ಹೆಗಲ ಮ್ಯಾಲ ಹೊತಗೊಂಡ ಓಣ್ಯಾಗ ಬಂದೆ. ಮಂದಿ ದಾರಿ ಬಿಟ್ರು.

ಆಯಿಲ್ ಬೋಲ್ಟಿಗೆ ಬೇಕಾದ ಬಿಗಿ ಭಾಳ ಕಡಿಮಿ. ಆ ದೊಡ್ಡ ಪಾನಾದಾಗ ಎಲ್ಲಾಕ್ಕಿಂತ ಕೆಳಗಿನ ಗುರುತ ಅದಕ್ಕಿಂತ ಎಷ್ಟೋ ಮ್ಯಾಲ. ಇರ್ಲಿ ಬಿಡು, ಕಡಿಮಿ ಅಂದ್ರ ಕಡಿಮಿ ಅಂತ ಅದಕ್ಕ ಇಟ್ಟು ಶುರು ಮಾಡಿದೆ. ಹೆಂಡತೀನ ಕರದು ಬಾಜೂಕ ನಿಂದ್ರಸಿದೆ. ಓಣಿ ಮಂದೀನೂ ಬಂದು ನಿಂತ್ರು. ಜಗ್ಗಿದೆ, ಸದ್ದಿಲ್ಲ. ಇನ್ನೊಂದೀಟ ಜಗ್ಗಿದೆ. ಹಲ್ಲ ಕಡದು ಜಗ್ಗಿದೆ.

ಕಟಕ್!

“ಕೇಳಿದ್ಯಾ?” ಅಂದೆ, ಬೆವರ ಒರಸ್ಕೊಂತ.

“ಕೇಳಿದೆ,” ಅಂದ್ಲು ಆಕಿ. “ಬೋಲ್ಟಿನ ತಲಿ ನಿಮ್ಮ ಕಾಲಾಗ ಬಿದ್ದೈತಿ, ತಗೋರಿ.”

೩. ಕಾಕಾನ ಉಪಕಾರ

ಮೆಕ್ಯಾನಿಕ್ ಕಡೆ ಮುರದ ಬೋಲ್ಟ್ ತಗಸಿ ಹೊಸಾದು ಹಾಕಿಸಿದೆ. ಮತ್ತ ನಿಪ್ಪಾಣಿ, ಮತ್ತ ಅದ ಅಂಗಡಿ. ಸಣ್ಣ ಪಾನಾನ ನಾ ಬರೂಕಿಂತ ಮೊದಲ ಟೇಬಲ್ ಮ್ಯಾಲ ತಗದಿಟ್ಟಿದ್ದ ಆ ಪುಣ್ಯಾತ್ಮ.

ದೊಡ್ಡದು ಮೂಲ್ಯಾಗ ಕುಂತಿತ್ತು. ಬಾಜೂ ಮನಿ ಕಾಕಾಂದು ಟ್ರ್ಯಾಕ್ಟರ್ ಐತಿ, ಉಗಾರದ ಸಕ್ರಿ ಫ್ಯಾಕ್ಟರಿಗೆ ಕಬ್ಬ ಹೊಡೀತಾರ. “ಮಾಸ್ತರ, ಹೆಂಗೂ ಸುಮ್ನ ಬಿದ್ದೈತಲ್ಲ,” ಅಂತ ಗಾಲಿ ನಟ್ಟ ಬಿಗಿಯಾಕ ಒಯ್ದ್ರು. ನಾನೂ ದೊಡ್ಡ ಮನಸ ಮಾಡಿ, ಕಟಕ್ ಅನ್ನೂದು ಯಾಕ, ಬಲ ಅಂದ್ರೇನು ಅಂತ ಒಂದು ಪೂರಾ ಪಿರಿಯಡ್ ಪಾಠ ಹೇಳಿದೆ. ಕಾಕಾ ಹೂಂ ಹೂಂ ಅಂತ ಎಲ್ಲಾ ಕೇಳಿಕೊಂಡ್ರು.

ಒಂದು ವಾರಕ್ಕ ತಿರುಗಿ ತಂದು ಕೊಟ್ರು. ಮುಖದಾಗ ಭಾರಿ ಖುಷಿ.

“ಮಾಸ್ತರ, ನಿಮಗ ಅಂಗಡಿಯವ ಟೋಪಿ ಹಾಕ್ಯಾನ. ಇದು ನಡುವ ಕಟಕ್ ಕಟಕ್ ಅಂದು ಜಾರತಿತ್ತು. ಪೈಪ ಹಾಕಿ ಜಗ್ಗಿದ್ರೂ ಅದ ರಾಗ. ನೀವು ಸಜ್ಜನರು, ನಿಮಗ್ಯಾಕ ತ್ರಾಸ ಅಂತ ನಾನ ವೆಲ್ಡಿಂಗ್ ಹೊಡಸೀನಿ. ಈಗ ಕಟಕ್ ಅಂದ್ರ ನನ್ನ ಕೇಳ್ರಿ!”

೪. ಖಂಡೇಪೂಜಿ

ದಸರಾದ ಖಂಡೇಪೂಜಿ, ಅಂದ್ರ ಆಯುಧಪೂಜಿ ದಿನ ಮುಂಜಾನೆ ಗಾಡಿ ತೊಳದೆ, ಚೈನ್ ಬಿಗಿ ಮಾಡಿದೆ. ಹಿಂದಿನ ಗಾಲಿ ನಟ್ಟ ಬರೇ ಬೆರಳಿಲೆ ತಿರುವಿ, ಜಳಕ ಮಾಡಿ ಬಂದು ಸಣ್ಣ ಪಾನಾದಿಂದ ಬಿಗದ್ರಾತು ಅಂತ ಒಳಗ ಹೋದೆ. ಜಳಕ ಮುಗಿಸಿ ಬರೂದ್ರಾಗ ನಮ್ಮವ್ವ ಮನ್ಯಾನ ಕುಡಗೋಲ, ಕೊಡಲಿ, ಕತ್ತರಿ, ನನ್ನ ಸಣ್ಣಾ ದೊಡ್ಡಾ ಪಾನಾ ಎಲ್ಲಾ ದೇವರ ಮುಂದ ಸಾಲಾಗಿ ಇಟ್ಟು, ಕುಂಕುಮ ಹಚ್ಚಿ, ಉದ್ದಕ ಒಂದು ಚೆಂಡ ಹೂವಿನ ಮಾಲಿ ಹಾಕಿ ಮುಗಿಸಿದ್ಲು. ಪೂಜಿಗೆ ಇಟ್ಟ ಸಾಮಾನ ಮರುದಿನದ ತನಕ ಎತ್ತೂ ಹಂಗಿಲ್ಲ.

ಎತ್ತಬ್ಯಾಡ ಅಂದ್ರ ಎತ್ತೂದುಲ್ಲ, ನಟ್ಟ ನಾಳೆ ಬಿಗದ್ರಾತು ಅಂತ ಗಾಡಿಗೆ ಹಾರ ಹಾಕಿದೆ. ಆದ್ರ ಹೂವಿನ ಹಾರ ಹಾಕ್ಕೊಂಡು ನಿಂತ ಗಾಡಿ ನೋಡಿ ಹೆಂಡತಿ ಮನಸ ಕರಗಿ ಹೋತು.

“ಸಂಜೀಕ ನಮ್ಮಪ್ಪನ ಮನ್ಯಾಗ ಟ್ರ್ಯಾಕ್ಟರ್ ಪೂಜಿ ಐತಿ. ಗಾಡಿ ಮ್ಯಾಲನ ಹೋಗೂಣ್ರಿ,” ಅಂದ್ಲು.

ಎಷ್ಟ ದಿನದಿಂದ ಕಾದ ಮಾತ ಅದು! ಈಗ ನಟ್ಟ ಸಡ್ಲ ಐತಿ ಅಂದ್ರ ನನ್ನ ಕತಿ ಮುಗೀತು. ಅನ್ನದಿದ್ರ ಇಬ್ಬರದೂ ಮುಗೀತು. ಕಾಕಾನ ಕಡೆ ಓಡಿದೆ. ಅವರ ಪಾನಾ ದೇವರ ಮುಂದ. ಮೆಕ್ಯಾನಿಕ್ ಕಡೆ ಓಡಿದೆ. ಅವನ ಪೂರಾ ಅಂಗಡೀನ ದೇವರ ಮುಂದ. ಆವತ್ತ ಇಡೀ ಚಿಕ್ಕೋಡ್ಯಾಗ ಖಾಲಿ ಇದ್ದ ಪಾನಾ ಒಂದೂ ಇಲ್ಲ.

ಹೋಳಿಗಿ ಉಂಡು ಎಲ್ಲಾರೂ ಅಡ್ಡಾದ್ರು. ನಾ ಬೆಕ್ಕಿನಂಗ ದೇವರ ಮನಿ ಹೊಕ್ಕೆ. ಸಣ್ಣ ಪಾನಾ ಹಿಡದು ಮೆಲ್ಲಕ ಎತ್ತಿದೆ. ಮಾಲಿ ಎಲ್ಲಾಕ್ಕೂ ಒಂದ ಅಂತ ನೆನಪಿರಲಿಲ್ಲ. ಪಾನಾದ ಹಿಂದ ಕತ್ತರಿ ಬಂತು, ಕತ್ತರಿ ಹಿಂದ ಕುಡಗೋಲ, ಕುಡಗೋಲ ಹೊಡತಕ್ಕ ಗಂಟಿ, ತಾಟ, ಆರತಿ, ಎಲ್ಲಾ ಢಣಢಣ ನೆಲಕ್ಕ.

“ಯಾರದು? ದೇವರ ಸಾಮಾನ ಕದಿಯಾಕ ಬಂದಾನ!” ಅಂತ ಅವ್ವ ಕೂಗಿದ್ಲು. ನೋಡಿದ್ರ ಮಗ.

ಒದರಿಬಿಟ್ಟೆ ಎಲ್ಲಾ. ನಟ್ಟ ಸಡ್ಲ ಐತಿ, ಬಿಗಿಯಾಕ ಪಾನಾ ಬೇಕಾಗಿತ್ತು, ಈಕಿ ಮತ್ತ ಬಸ್ಸ ಹತ್ತತಾಳ ಅಂತ ಅಂಜಿಕಿ ಬಂತು ಅಂತ. ಹೆಂಡತಿ ಸೊಂಟದ ಮ್ಯಾಲ ಕೈ ಇಟ್ಟು ನಿಂತ್ಲು. ಅವ್ವ ಕುಂತು ಒಂದೀಟ ವಿಚಾರ ಮಾಡಿ ತೀರ್ಪ ಕೊಟ್ಲು:

“ಪಾನಾ ದುಡಿಸಿದವ ನೀ. ನೀ ಇವತ್ತ ಮುಟ್ಟಬಾರದು. ಸೊಸಿ ಅದನ್ನ ಎಂದೂ ದುಡಿಸಿಲ್ಲ. ಆಕಿ ಮುಟ್ಟಿದ್ರ ದೋಷ ಇಲ್ಲ.”

ಸೊಸಿ ಸೆರಗ ಸಿಗಿಸಿ, ಗಾಲಿ ಬಾಜೂಕ ಕುಂತು, ನಾ ಹೇಳಿದಂಗ ಜಗ್ಗಿದ್ಲು. ಕಟಕ್! ಆಕಿ ಮುಖ ಅರಳಿದ್ದು ನೋಡಬೇಕಿತ್ತು ನೀವು. “ಅಯ್ಯ, ಇಷ್ಟನ?” ಅಂದ್ಲು. ಮುಂದ ಆಯಿಲ್ ಬೋಲ್ಟಿಗೂ ಕಟಕ್ ಅನಿಸಿ, ಕೈ ತೊಳದು, ಹಬ್ಬದ ಸೀರಿ ಉಟ್ಟು, ಹಿಂದಿನ ಸೀಟಿನ ಮ್ಯಾಲ ರಾಣಿಯಂಗ ಕುಂತ್ಲು. ಪಾಲಬಾವಿ ತನಕ ಒಂದು ಹನಿ ಸೋರಲಿಲ್ಲ, ಒಂದು ನಟ್ಟ ಅಳ್ಳಾಡಲಿಲ್ಲ. ನನ್ನ ಹಟ ಗೆದ್ದಿತು ಅಂತ ಎದಿ ಉಬ್ಬಿಸಿ ಅಂಗಳದಾಗ ಗಾಡಿ ನಿಂದ್ರಸಿದೆ.

ಮಾವನವರಿಗೆ ಆಶ್ಚರ್ಯ. “ಯವ್ವಾ, ಅಳಿಯಾರು ಕೈ ಹಚ್ಚಿದ ಗಾಡಿ ಮ್ಯಾಲ ಕುಂದ್ರೂದುಲ್ಲ ಅಂದಿದ್ದಿ?”

“ಈಗೂ ಕುಂದ್ರೂದುಲ್ಲಪ್ಪಾ,” ಅಂದ್ಲು. “ಇದಕ್ಕ ನಾ ಕೈ ಹಚ್ಚೀನಿ.”

ಈಗ ರವಿವಾರ ಬಂತಂದ್ರ ಓಣಿ ಮಂದಿ ಗಾಡಿ ತಗೊಂಡು ನಮ್ಮ ಬಾಗಲಿಗೆ ಬರ್ತಾರ. ನಾ ಅಂಗಿ ತೋಳ ಮ್ಯಾಲ ಮಡಚಿ ಹೊರಗ ಬಂದೆ ಅಂದ್ರ ಗಾಬರಿಯಾಗಿ ಗಾಡಿ ಹಿಂದಕ್ಕ ಸರಸತಾರ.

“ನೀವ್ಯಾಕ ಎದ್ರಿ ಸರ, ಆರಾಮ ಕುಂದರ್ರಿ. ಅಕ್ಕಾರು ಅದಾರೇನ್ರಿ?”