ಪಮ್ಮಿಗೆ ಗಜ್ಜರಿ ರಸ

ಮಕ್ಕಳ ಆರೋಗ್ಯದ ವಿಷಯದಲ್ಲಿ ನನ್ನಷ್ಟು ಮುಂದಾಲೋಚನೆಯ ತಂದೆ ಆಗ, ತೊಂಬತ್ತರ ದಶಕದಲ್ಲಿ, ನಮ್ಮ ಇಡೀ ವಾಡಿ ಊರಿನಲ್ಲಿ ಇರಲಿಲ್ಲ. ಹಾಗಂತ ನಾನೊಬ್ಬನೇ ನಂಬಿದ್ದೆ. ಊರ ಸುತ್ತಲಿನ ಫರ್ಸಿಕಲ್ಲಿನ ಗಣಿಗಳ ಧೂಳು ಮೂರು ವರ್ಷದ ಮಗಳು ಪಮ್ಮಿಯ ಎದೆಗಿಳಿದೀತೆಂದು ಕಿಟಕಿಗಳಿಗೆಲ್ಲ ಒದ್ದೆ ಧೋತರ ಕಟ್ಟಿದವನು ನಾನು! ಅಂಥವನ ಕೈಗೆ ಪೇಪರಿನ ಪುರವಣಿ ಸಿಕ್ಕಿತು. ಕ್ಯಾರೆಟ್ಟಿನಲ್ಲಿ, ಅಂದರೆ ನಮ್ಮ ಗಜ್ಜರಿಯಲ್ಲಿ, ಆ್ಯಂಟಿಆಕ್ಸಿಡೆಂಟ್ ಇದೆ, ಮಕ್ಕಳಿಗೆ ಒಳ್ಳೆಯದು ಅಂತ ಬರೆದಿತ್ತು. ಎಷ್ಟು ಕೊಡಬೇಕು ಅಂತ ಬರೆದಿರಲಿಲ್ಲ. ಆ ಕೊರತೆಯನ್ನು ನಾನು ತುಂಬಿದೆ.

ಮುಂಜಾನೆ ರಸ, ಮಧ್ಯಾಹ್ನ ಕೋಸಂಬರಿ, ಸಂಜೆ ಮತ್ತೆ ರಸ.

"ಕೂಸಿನ ಹೊಟ್ಟ್ಯಾಗ ರೊಟ್ಟಿಗಿ ಒಂದೀಟು ಜಾಗಾ ಬಿಡ್ರಿ," ಅಂದಳು ಹೆಂಡತಿ ಸುಧಾ.

"ನಿನಗ ಇದೆಲ್ಲಾ ತಿಳಿಯಂಗಿಲ್ಲ," ಅಂದೆ. ಪಮ್ಮಿ ಬಿಟ್ಟ ರಸವನ್ನೆಲ್ಲ ನಾನೇ ಕುಡಿದೆ.

ಕೆಲವು ವಾರಗಳಲ್ಲಿ ಪಮ್ಮಿಯ ಅಂಗೈ, ಮೂಗಿನ ತುದಿ ಹಳದಿಯಾದವು. ಪಕ್ಕದ ಮನೆಯ ಶಾಂತಕ್ಕ ನೋಡಿದವಳೇ, "ಕಾಮಣಿ ಆಗ್ಯಾದರಿ ಮಾಸ್ತರ!" ಅಂದಳು. ನನ್ನ ಕೈಕಾಲು ತಣ್ಣಗಾದವು. ಆದರೆ ತಲೆ ನಡೆಯುತ್ತಿತ್ತು. ತೊಂದರೆ ಆದದ್ದೇ ಅಲ್ಲಿ. ಕಾಮಣಿಗೆ, ಅಂದರೆ ಕಾಮಾಲೆಗೆ, ಎಣ್ಣೆ ಬೇಡ, ಖಾರ ಬೇಡ. ಇನ್ನೇನು ಉಳಿಯಿತು? ಗಜ್ಜರಿ! ರಸ ದುಪ್ಪಟ್ಟಾಯಿತು. ಹಳದಿಯೂ ದುಪ್ಪಟ್ಟಾಯಿತು.

ಪ್ಯಾಸೆಂಜರ್ ಗಾಡಿ ಹತ್ತಿ ಶಹಾಬಾದಿನ ಡಾಕ್ಟರ ಹತ್ತಿರ ಓಡಿದೆವು. ದಾರಿಯುದ್ದಕ್ಕೂ ಸುಧಾ ಬಣ್ಣ ಹೋದೀತೇನೋ ಅಂತ ಕೂಸಿನ ಕೈಯನ್ನು ಸೆರಗಿನಿಂದ ತಿಕ್ಕುತ್ತಲೇ ಇದ್ದಳು. ನನಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

ಡಾಕ್ಟರು ಪಮ್ಮಿಯ ರೆಪ್ಪೆ ಜಗ್ಗಿ ನೋಡಿದರು. "ಕಣ್ಣ ಬೆಳ್ಳಗವ. ಕಾಮಣಿ ಅಲ್ಲ. ಏನ್ ತಿನ್ನಸಲಿಕತ್ತೀರಿ?"

ನಾನು ಆ್ಯಂಟಿಆಕ್ಸಿಡೆಂಟ್ ಕುರಿತು ಪೀಠಿಕೆ ಹಾಕಿದೆ. ಸುಧಾ ಒಂದೇ ಮಾತಿನಲ್ಲಿ ಮುಗಿಸಿದಳು: "ಗಜ್ಜರಿರಿ."

ಡಾಕ್ಟರು ನನ್ನ ಅಂಗೈ ತಿರುವಿದರು. ಮಗಳದಕ್ಕಿಂತ ಹಳದಿ!

"ಭಾಳ ತಿಂದ್ರ ಬಣ್ಣ ತೊಗಲಿಗಿ ಬರ್ತದ. ಬಿಟ್ರ ತಾನೇ ಹೋಗ್ತದ, ಅಂಜಬ್ಯಾಡ್ರಿ. ನೀವು ಹೇಳೋದು ಪುಂಡಿಪಲ್ಯದಾಗೂ ಅದ, ಪೇರಲಹಣ್ಣಿನಾಗೂ ಅದ. ಎಲ್ಲಾ ಈಟೀಟು ತಿನ್ನಸ್ರಿ. ಕೂಸರಿ ಅದು, ಕುದುರಿ ಅಲ್ಲ!"

ಸುಧಾ ಅಳುತ್ತಲೇ ನಕ್ಕಳು.

ಮನೆಗೆ ಬಂದರೆ ಶಾಂತಕ್ಕ ನನ್ನ ಕೈ ನೋಡಿಬಿಟ್ಟಳು. "ಅಯ್ಯ, ಕೂಸಿನ ಕಾಮಣಿ ಮಾಸ್ತರಿಗಿ ಹತ್ತ್ಯಾದ!" ಕಾಮಣಿ ಅಲ್ಲ, ಗಜ್ಜರಿ ಅಂದರೆ ಯಾರು ಕೇಳುತ್ತಾರೆ? ಸಂಜೆಯೊಳಗೆ ಓಣಿಯ ಮನೆಮನೆಯಿಂದ ಕಾಮಣಿ ಪಥ್ಯದ ಉಪ್ಪಿಲ್ಲದ ಗಂಜಿ ಬಂತು.

"ಕುಡೀರಿ. ಪಾಪ, ಪ್ರೀತಿಲೆ ತಂದಾರ," ಅಂದಳು ಸುಧಾ, ನಗು ತಡೆದುಕೊಂಡು.

ಎದುರಿಗೆ ಪಮ್ಮಿ ರೊಟ್ಟಿಗೆ ಪುಂಡಿಪಲ್ಯ ಹಚ್ಚಿಕೊಂಡು ಚಪ್ಪರಿಸುತ್ತಿದ್ದಳು. ನನ್ನ ಬಟ್ಟಲು ನೋಡಿ ಕೇಳಿದಳು: "ಅಪ್ಪಾ, ನಿನಗ ಆರಾಮಿಲ್ಲೇನು?"

ಬಾಯಿ ತುಂಬ ಗಂಜಿ ಇತ್ತು. ಹೌದೆಂದು ತಲೆಯಾಡಿಸಿದೆ.