ಹಕೀಮರು ಹೇಳಿದ ದ್ವಾಸಿ

ಮನೆಯಲ್ಲಿ ರೋಗಿಗೆಂದು ಏನಾದರೂ ಬೇಯಿಸಿದ ದಿನವೇ ಗಟ್ಟಿಮುಟ್ಟಾಗಿದ್ದವರಿಗೆಲ್ಲ ಹಸಿವಾಗುತ್ತದೆ. ಇದು ಎಲ್ಲರ ಮನೆಯಲ್ಲೂ ನಡೆಯುವುದೇ; ನಮ್ಮ ಮನೆಯಲ್ಲಿ ಸ್ವಲ್ಪ ಹೆಚ್ಚು ನಡೆಯಿತು. ಆಗ ನಿಜಾಮರ ಸರಕಾರ. ನಮ್ಮದು ಮಸ್ಕಿಯಿಂದ ಸಿಂಧನೂರಿಗೆ ಹೋಗುವ ಬಂಡಿದಾರಿಯ ಮೇಲಿನ ಹಳ್ಳಿ. ದೂರದಲ್ಲೆಲ್ಲೋ ಲಡಾಯಿ ನಡೆದಿತ್ತು. ಅದರ ಸಲುವಾಗಿ ನೆಲದೊಳಗಿನ ನಮ್ಮ ಹಗೇವಿನಲ್ಲಿ ತುಂಬಿಟ್ಟ ಜೋಳ ಸರಕಾರದ ಲೇವಿಗೆ ಹೋಗುತ್ತಿತ್ತು. ಉಳಿದದ್ದನ್ನು ಮಲ್ಲಯ್ಯನ ಹೆಸರು ಹೇಳಿ ಉಣ್ಣುತ್ತಿದ್ದೆವು. ನಾನು ಕಲಿತದ್ದು ಗುಡಿಯ ಕಟ್ಟೆಯ ಮೇಲಿನ ಸಾಲಿಯಲ್ಲಿ. ಕಂಡದ್ದನ್ನು ಕಂಡ ಹಾಗೆ, ಸಾವಕಾಶ ಹೇಳುತ್ತೇನೆ.

ಎತ್ತಿನ ಕೂಳು

ಬಾಣಂತನದ ನಂತರ ನನ್ನ ಹೆಂಡತಿಗೆ ಮೈಯಲ್ಲಿ ರಕ್ತವೇ ಕೂಡಲಿಲ್ಲ. ಕೊಡ ಹೊತ್ತರೆ ಕಣ್ಣಿಗೆ ಕತ್ತಲೆ, ಬಗ್ಗಿ ಕಸ ಹೊಡೆದರೆ ತೇಕು. ಲಿಂಗಸೂಗೂರಿನ ಹಕೀಮರನ್ನು ಕರೆಸಿದೆ. ಉಗುರು ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು.

“ಊಟಕ್ಕೇನು ತಿಂತಾಳ?” ಎಂದು ಕೇಳಿದರು.

ನಮ್ಮವ್ವ ಅಂದಳು: “ಎಲ್ಲಾ ತಿಂತಾಳ್ರಿ.”

“ಎಲ್ಲಾ ಅಂದರ?”

“ಎಲ್ಲಾರು ಉಂಡು ಉಳಿದದ್ದು ಎಲ್ಲಾ.”

ಹಕೀಮರು ನಮ್ಮವ್ವನ ಕಡೆ ತಿರುಗಿ ಹೇಳಿದರು: “ಜೋಳ ಬೀಸಬ್ಯಾಡ್ರಿ, ಜರಡಿ ಹಿಡಿಯಬ್ಯಾಡ್ರಿ. ಇಡೀ ಕಾಳಿಗೆ ಒಂದು ಹಿಡಿ ಹುರುಳಿ ಕೂಡಿಸಿ ರಾತ್ರಿ ನೆನಿ ಹಾಕ್ರಿ. ಮುಂಜಾನೆ ಕಾಳು ಒಡೆಯೂತನಕ ಕುದಿಸಿ, ಒರಳಿನಾಗ ರುಬ್ಬಿ, ಸಜ್ಜಿ ಹಿಟ್ಟು, ಮಜ್ಜಿಗಿ ಹಾಕಿ ತೆಳ್ಳಗ ದ್ವಾಸಿ ಮಾಡ್ರಿ. ದಿನಾ ಮೂರು ದ್ವಾಸಿ ಆಕಿ ತಿನ್ನಬೇಕು. ಆಕಿ ಒಬ್ಬಾಕಿನ. ಇಲ್ಲಾಂದರ ಈ ಹೆಣ್ಣಮಗಳು ಮುಂದಿನ ಬ್ಯಾಸಗಿ ಕಾಣೂದು ಕಷ್ಟ ಐತಿ.”

ನಮ್ಮವ್ವನಿಗೆ ಅವಮಾನವಾಯಿತು. “ಇಡೀ ಕಾಳು ಕುದಿಸಿ ಹಾಕೋದು ಎತ್ತಿಗೆ, ಹಕೀಮ ಸಾಹೇಬ್ರ. ಮನುಷ್ಯಾರಿಗಲ್ಲ.”

ಹಕೀಮರು ಚೀಲ ಕಟ್ಟುತ್ತಾ ಅಂದರು: “ಎತ್ತು ಹಿಂಗ ಸೊರಗಿದ್ದರ ನನ್ನ ಹೋದ ಅಮಾಸಿಗೇ ಕರಸ್ತಿದ್ರಿ ಬಿಡ್ರಿ, ಅಮ್ಮಾ.”

ಉಪ್ಪು ನೋಡುವುದು

ಮರುದಿನ ಹಂಚು ಕಾಯಿತು. ಉಳ್ಳಾಗಡ್ಡಿ ಅರ್ಧ ಕೊಯ್ದು, ಎಣ್ಣೆಯಲ್ಲಿ ಅದ್ದಿ ಹಂಚಿಗೆ ಸವರಿ, ನನ್ನ ಹೆಂಡತಿ ಹಿಟ್ಟು ಹೊಯ್ದಳು. ಅಂಚು ಕೆಂಪಗಾಗಿ ಮೇಲಕ್ಕೆದ್ದಿತು. ಹುರುಳಿಯ ವಾಸನೆ ಪಡಸಾಲೆ ದಾಟಿ ಅಂಗಳಕ್ಕೆ ಬಂತು. ಮೊದಲನೆಯದು ದೇವರಿಗೆ ಹೋಯಿತು, ಅದು ಹೋಗಲೇಬೇಕು. ಗಂಡಸು ಉಣ್ಣುವುದಕ್ಕೆ ಮೊದಲು ಹೆಂಗಸು ಉಣ್ಣುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಆದ್ದರಿಂದ ಆಮೇಲಿನದನ್ನು ನಾನು ತಿಂದೆ. ಗುರೆಳ್ಳಿನ ಚಟ್ನಿಪುಡಿ ಹಚ್ಚಿಕೊಂಡು ತಿಂದದ್ದರಿಂದ ಒಂದಕ್ಕೆ ನಿಲ್ಲಲಿಲ್ಲ.

ಎತ್ತಿನ ಕೂಳು ಎಂದು ಮುಖ ತಿರುವಿದ್ದ ನಮ್ಮವ್ವ ಒಲೆಯ ಹತ್ತಿರ ಬಂದು ಕೂತಳು. “ಉಪ್ಪು ನೋಡತೀನಿ, ತಾ” ಅಂದಳು. ಒಂದು ನೋಡಿದಳು. ಎರಡನೆಯದನ್ನೂ ನೋಡಿದಳು. ಮೂರನೆಯದಕ್ಕೆ ಕೈ ಚಾಚಿದಾಗ ಸೊಸೆ ಮೆಲ್ಲಗೆ ಕೇಳಿದಳು: “ಅತ್ತಿ, ಹಿಟ್ಟು ಒಂದ ಐತಲ್ರಿ. ಒಂದರಾಗ ಉಪ್ಪು ನೋಡಿದ್ರ ಸಾಲದೇನ್ರಿ?”

“ಹುಚ್ಚಿ, ಒಂದರಾಗ ಇದ್ದ ಉಪ್ಪು ಇನ್ನೊಂದರಾಗ ಇರತೈತಂತ ಏನು ಭರೋಸಾ?”

ಅಂದಿನಿಂದ ನಮ್ಮವ್ವನಿಗೆ ಉಪ್ಪಿನ ಮೇಲಿನ ಭರೋಸೆ ಮತ್ತೆ ಬರಲಿಲ್ಲ. ತಳದಲ್ಲಿ ಉಳಿದ ಹಿಟ್ಟಿನಲ್ಲಿ ಸೊಸೆಗೊಂದು ಅರ್ಧ ದ್ವಾಸಿ ಆಗುತ್ತಿತ್ತು. ಅದರ ಉಪ್ಪನ್ನು ಯಾರೂ ನೋಡುತ್ತಿರಲಿಲ್ಲ.

ಮುಂದಿನ ಜನ್ಮದ ರಕ್ತ

ಸೋಮವಾರ ಸೋಮವಾರ ಅಯ್ಯನವರು ಭಿಕ್ಷೆಗೆ ಬರುತ್ತಿದ್ದರು. ಬಾಗಿಲಲ್ಲಿ ನಿಂತು ಜೋಳಿಗೆ ಒಡ್ಡುವವರು, ವಾಸನೆ ಹಿಡಿದು ಒಂದು ಸೋಮವಾರ ಒಳಗೇ ಬಂದು ಮಣೆಯ ಮೇಲೆ ಕೂತರು. ಮನೆಗೆ ಬಂದ ಜಂಗಮರಿಗೆ ಇಲ್ಲ ಎನ್ನುವ ಬಾಯಿ ನನಗೆ ದೇವರು ಕೊಟ್ಟಿಲ್ಲ. ಅವತ್ತು ತಳದ ಅರ್ಧವೂ ಉಳಿಯಲಿಲ್ಲ.

ಅಯ್ಯನವರು ಕೈ ತೊಳೆದು ವಿಭೂತಿ ಕೊಡುತ್ತಾ ಅಂದರು: “ತಂಗಿ, ನೀ ಹಸಿದು ನಮಗ ನೀಡಿದಿ. ಭಾಳ ಪುಣ್ಯ ಬಂತು ನಿನಗ.”

ನನ್ನ ಹೆಂಡತಿ ಪಾದ ಮುಟ್ಟಿಯೇ ಕೇಳಿದಳು: “ಅಜ್ಜಾರ, ಪುಣ್ಯದಿಂದ ಮೈಯಾಗ ರಗತ ಆಕೈತೇನ್ರಿ?”

ಅಯ್ಯನವರು ಸುಳ್ಳು ಹೇಳುವವರಲ್ಲ. ಯೋಚಿಸಿ ಅಂದರು: “ಆಕೈತಿ ತಂಗಿ. ಮುಂದಿನ ಜನ್ಮಕ್ಕ.”

ತನಿಖಿ

ಲೇವಿಯ ಕಾಳು ಬಚ್ಚಿಟ್ಟಿದ್ದಾರೆಯೋ ಎಂದು ನೋಡಲು ಕಂದಾಯದ ಗಿರದಾವರ ಸಾಹೇಬರು ಕುದುರೆಯ ಮೇಲೆ ಬರುತ್ತಿದ್ದರು. ಒಂದು ದಿನ ಬಂದು ಹಗೇವು ಇಣುಕಿದರು, ಕಣಜ ಬಡಿದು ನೋಡಿದರು; ಏನೂ ಸಿಗಲಿಲ್ಲ. ಆಗ ಮೂಗಿಗೆ ವಾಸನೆ ಸಿಕ್ಕಿತು.

“ಕಾಳಿಲ್ಲ ಅಂತೀಯಲ್ಲ, ಮತ್ತ ದ್ವಾಸಿ ಎಲ್ಲಿಂದ ಬಂತು?”

“ಹೆಂಡತಿಗೆ ಬಿಮಾರಿ ಐತ್ರಿ ಹುಜೂರ್. ಹಕೀಮರು ಹೇಳ್ಯಾರ.”

“ಹಕೀಮರು ಹೇಳಿದ್ದು ಖರೇನೋ ಸುಳ್ಳೋ ತನಿಖಿ ಆಗಬೇಕು. ಇಲ್ಲಾಂದರ ಕಾಳು ಮುಚ್ಚಿಟ್ಟ ಗುನ್ಹೆ ಬರತೈತಿ ನಿನ್ನ ಮ್ಯಾಲೆ. ತಾ ಇಲ್ಲೆ.”

ತಂದಿಟ್ಟೆ. ಒಂದೊಂದನ್ನೇ ಬೆಳಕಿಗೆ ಹಿಡಿದು, ಮುರಿದು, ತಿಂದು ತನಿಖಿ ಮಾಡಿದರು. ತಾಟು ಖಾಲಿಯಾದ ಮೇಲೆ ಮೀಸೆ ಒರೆಸಿಕೊಂಡರು. “ನಿನ್ನ ಮ್ಯಾಲೆ ಯಾವ ಪುರಾವೆನೂ ಉಳಿದಿಲ್ಲ. ಬರೋ ವಾರ ಮತ್ತ ಬಂದು ನೋಡತೀನಿ” ಅಂದರು.

ಹಳ್ಳದ ದಾರಿ

ಹೀಗೆ ಶ್ರಾವಣ ಕಳೆಯಿತು. ಒಂದು ಮುಂಜಾನೆ ನನ್ನ ಹೆಂಡತಿ ಹಳ್ಳದಿಂದ ನೀರು ತರುವಾಗ ದಾರಿಯಲ್ಲೇ ಬಿದ್ದಳು. ಕೊಡ ಒಡೆಯಿತು. ಹೆಂಗಸರು ಓಡಿಬಂದು ಸೆರಗಿನಿಂದ ಗಾಳಿ ಹಾಕಿದರು. ನಾನು ಹೋಗುವ ಹೊತ್ತಿಗೆ ಆಜುಬಾಜಿನ ಮನೆಯಾಕೆ ಗಲ್ಲದ ಮೇಲೆ ಕೈಯಿಟ್ಟು ಹೇಳುತ್ತಿದ್ದಳು: “ದಿನಾ ದ್ವಾಸಿ ತಿನ್ನೋ ಹೆಣ್ಣಮಗಳಿಗೆ ಕಣ್ಣಿಗೆ ಕತ್ತಲಿ ಯಾಕ ಬರಬೇಕವ್ವ? ತಿಂದದ್ದು ಹೆಚ್ಚಾಗಿರಬೇಕು!”

ಮತ್ತೆ ಹಕೀಮರು ಬಂದರು. “ನಾ ಹೇಳಿದಂಗ ಮಾಡಾಕತ್ತೀರೇನು? ಒಮ್ಮೆ ಮಾಡಿ ತೋರಸ್ರಿ” ಅಂದರು. ಬಿದ್ದಿದ್ದವಳೇ ಎದ್ದು ಒಲೆಯ ಮೇಲೆ ಹಂಚು ಇಟ್ಟಳು. ಹಕೀಮರು ಪಾಕ ನೋಡಲು ಒಂದು ತಿಂದರು, ಹದ ನೋಡಲು ಒಂದು, ಬಿಸಿಯಿದ್ದಾಗ ಹೇಗಿರುತ್ತದೆಂದು ಇನ್ನೊಂದು. “ಔಷಧ ಬರೋಬರಿ ಐತಿ. ಗುಣ ಯಾಕ ಬರವಲ್ದೋ ತಿಳಿಯವಲ್ದು” ಎಂದು ತಲೆಯಾಡಿಸಿ ಹೋದರು.

ಹೆಸರಿಲ್ಲದ ರೋಗ

ಮುಂದಿನ ವಾರ ಗಿರದಾವರರು ತನಿಖಿಗೆ ಕೂತಿದ್ದರು. ಅಯ್ಯನವರೂ ಮಣೆಯ ಮೇಲಿದ್ದರು, ಅವ್ವ ಉಪ್ಪು ನೋಡುತ್ತಿದ್ದಳು. ಬಾಗಿಲ ಮರೆಯಿಂದ ನನ್ನ ಹೆಂಡತಿ ಮಾತಾಡಿದಳು. ಅವಳ ಧ್ವನಿ ಅಷ್ಟು ಸಾಫಾಗಿ ನಾನು ಕೇಳಿದ್ದು ಅದೇ ಮೊದಲು.

“ಸಾಹೇಬ್ರ, ಅದು ಔಷಧ ಐತ್ರಿ. ರೋಗ ಇದ್ದವರು ತಿಂದರ ರೋಗ ಹೋಗತೈತಿ. ಇಲ್ಲದವರು ತಿಂದರ ಬರತೈತಿ.”

ಗಿರದಾವರರ ಕೈ ಬಾಯಿಯ ಹತ್ತಿರ ನಿಂತಿತು. “ಮೊದಲ ಯಾಕ ಹೇಳಲಿಲ್ಲ?”

“ನೀವು ಕಾಳು ಎಲ್ಲೈತಿ ಅಂತ ಕೇಳಿದ್ರಿ. ರೋಗ ಎಲ್ಲೈತಿ ಅಂತ ಕೇಳಲಿಲ್ರಿ.”

“ಏನದರ ಲಕ್ಷಣ?”

“ಹಸಿವು ಹೆಚ್ಚಾಗತೈತ್ರಿ. ಇನ್ನೊಬ್ಬರ ತಾಟ ಕಂಡರ ಕೈ ತಡಿಯಂಗಿಲ್ರಿ. ಎಷ್ಟು ತಿಂದರೂ ಮತ್ತೊಂದು ಬೇಕನಸ್ತೈತಿ.”

ಪಡಸಾಲೆಯಲ್ಲಿ ಎಲ್ಲರೂ ತಮ್ಮ ತಮ್ಮ ಹೊಟ್ಟೆ ಮುಟ್ಟಿಕೊಂಡರು. ಅವ್ವ ಬಾಯೊಳಗಿನ ತುಣುಕನ್ನು ಒಲೆಗೆ ಉಗುಳಿ, “ಯಪ್ಪಾ, ನನಗ ಸುರುವಾಗಿ ಭಾಳ ದಿನಾ ಆತೋ!” ಎಂದು ಅತ್ತಳು. ಗಿರದಾವರರ ಕುದುರೆ ನೆಟ್ಟಗೆ ಲಿಂಗಸೂಗೂರಿನ ದಾರಿ ಹಿಡಿಯಿತು. ಆಮೇಲಿನ ಸೋಮವಾರದಿಂದ ಅಯ್ಯನವರು ಓಣಿಯ ತುದಿಯಲ್ಲೇ ನಿಂತು ನಮ್ಮ ಮನೆಗೆ ಆಶೀರ್ವಾದ ಮಾಡತೊಡಗಿದರು.

ನಾಲ್ಕು ದಿನಕ್ಕೆ ಹಕೀಮರು ಕರೆಯದೆಯೇ ಬಂದರು. ಮುಖ ಇಳಿದಿತ್ತು. ನನ್ನನ್ನು ಬಿಟ್ಟು ನನ್ನ ಹೆಂಡತಿಯ ಹತ್ತಿರ ಹೋಗಿ ಕೂತರು.

“ಅವ್ವಾ, ಗಿರದಾವರ ನನ್ನ ಕುತ್ತಿಗಿ ಹಿಡಿದಾನ, ಔಷಧ ಕೊಡು ಅಂತ. ನಾ ಹೇಳಿದ್ದು ಜೋಳ, ಹುರುಳಿ, ಸಜ್ಜಿ, ಮಜ್ಜಿಗಿ, ಇಷ್ಟ. ನೀ ಬ್ಯಾರೆ ಏನರ ಹಾಕಿಯೇನು? ಖರೇ ಹೇಳು. ನಾನೂ ಅವತ್ತು ಮೂರು ತಿಂದೀನಿ. ಅವತ್ತಿನಿಂದ ನನಗೂ ಹಸಿವು ಜಾಸ್ತಿ ಆಗೇತಿ.”

“ಅಂಜಬ್ಯಾಡ್ರಿ ಹಕೀಮ ಸಾಹೇಬ್ರ. ಇನ್ನೊಬ್ಬರ ತಾಟಿಗೆ ಕೈ ಹಾಕೋದು ಬಿಟ್ಟರ ತಾನ ಹೋಗತೈತಿ.”

ಹಕೀಮರು ಅವಳ ಮುಖ ನೋಡಿದರು. ಆಮೇಲೆ ಒರಳು ನೋಡಿದರು, ಹಂಚು ನೋಡಿದರು. ನಗಲು ಹೋಗಿ, ನನ್ನನ್ನು ಕಂಡು, ನಗದೆ ಎದ್ದರು. ಗಿರದಾವರರಿಗೆ ಅದೇ ಪಥ್ಯ ಹೇಳಿದರಂತೆ. ಅವರು ನಮ್ಮ ಊರಿನ ತನಿಖಿಯನ್ನೇ ಬಿಟ್ಟರು.

ರೋಗದ ಸುದ್ದಿ ಹಬ್ಬಿ, ಒಲೆ ಹೊತ್ತಿಸಲು ಕೆಂಡ ಕೇಳುವುದಕ್ಕೂ ಊರಿನವರು ನಮ್ಮ ಮನೆಗೆ ಬರದಂತಾಯಿತು. ಮನೆ ತಣ್ಣಗಾಯಿತು. ದಸರೆಯ ಹೊತ್ತಿಗೆ ನನ್ನ ಹೆಂಡತಿಯ ಉಗುರಿಗೆ ಕೆಂಪು ಬಂತು. ದೇವರಿಗೆ ಮೊದಲನೆಯದನ್ನು ಇಟ್ಟು, ಹಂಚಿನಿಂದ ಇಳಿದದ್ದನ್ನು ಬಿಸಿಬಿಸಿ ತಾಟಿಗೆ ಹಾಕಿಕೊಂಡು, ಒಲೆಯ ಮುಂದೆ ಕೂತು ಅವಳೊಬ್ಬಳೇ ತಿನ್ನುತ್ತಿದ್ದಳು. ನಾನು ಹೊಸ್ತಿಲಲ್ಲೇ ನಿಲ್ಲುತ್ತಿದ್ದೆ. ಒಳಗೆ ಹೋಗಲು ಧೈರ್ಯ ಸಾಲದು, ವಾಸನೆ ಬಿಟ್ಟು ಹೊರಗೆ ಹೋಗಲೂ ಮನಸ್ಸಾಗದು.

ಒಂದು ದಿನ ಅವಳು ತಲೆ ಎತ್ತದೆಯೇ ಕರೆದಳು.

“ಯಾಕ ಅಂಜಿ ನಿಂತೀರಿ? ಒಳಗ ಬರ್ರಿ. ಈ ರೋಗ ನಿಮಗ ಹೊಸದಾಗಿ ಬರೂದೇನೈತಿ? ಲಗ್ನ ಆದ ದಿನದಿಂದ ಐತಿ.”